ಮಾವಿನ ಮರ ಕಡಿಸಬೇಡಿ ಅಪ್ಪಾ

ಸ್ಟುಟ್‌ಗಾರ್ಟ್, ಜರ್ಮನಿ
ಸೆಪ್ಟೆಂಬರ್ 7, 2025

ತೀರ್ಥರೂಪ ಅಪ್ಪನವರಿಗೆ,

ನಿಮ್ಮ ಮಗಳ ನಮಸ್ಕಾರಗಳು. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಅವ್ವನ ಮೊಣಕಾಲು ನೋವು ಇಳಿದಿದೆ ಅಂತ ತಮ್ಮ ಹೇಳಿದ, ಕೇಳಿ ಸಮಾಧಾನ ಆಯಿತು.

ನಿನ್ನೆ ಫೋನಿನಲ್ಲಿ ನೀವು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಟಿವಿಯಲ್ಲಿ ಬರೀ ‘ನೋ ಸಿಗ್ನಲ್’ ಅಂತ ಬರುತ್ತದೆ, ಡಿಶ್ ನೋಡಲು ಬಂದವನು ಮಾವಿನ ಮರ ಅಡ್ಡ ಬಂದಿದೆ ಅಂದ, ಮರ ಕಡಿಸಿ ಇಲ್ಲವೇ ತಿಂಗಳಾ ದುಡ್ಡು ಕಟ್ಟಿ ಕೇಬಲ್ ಹಾಕಿಸಿಕೊಳ್ಳಿ ಅಂದ, ನೀವೂ ದಸರೆ ಮುಗಿದ ಮೇಲೆ ಕಡಿಸೋಣ ಅಂದಿರಿ. ಅಪ್ಪಾ, ದಯವಿಟ್ಟು ಕಡಿಸಬೇಡಿ. ಅಜ್ಜ ಹಚ್ಚಿದ ಆಪೂಸ್ ಗಿಡ ಅದು. ಆ ಮರ ಅಡ್ಡ ಬಂದೇ ಇಲ್ಲ ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲೂ ಈಗ ಡಿಶ್ ಇದೆ. ಮೊದಲು ಇಲ್ಲಿ ಬಾಡಿಗೆ ಮನೆಗಳಲ್ಲಿ ಕೇಬಲ್ ಖರ್ಚನ್ನು ಮಾಲೀಕರು ಬಾಡಿಗೆಯ ಜೊತೆಗೇ ವಸೂಲಿ ಮಾಡುತ್ತಿದ್ದರು. 2024ರ ಜುಲೈ 1ರಿಂದ ಕಾನೂನು ಬದಲಾಯಿತು, ಕೇಬಲ್ ಬೇಕಾದವರು ತಾವೇ ಕರಾರು ಮಾಡಿಕೊಳ್ಳಬೇಕು. ನಾವು ಡಿಶ್ ಆರಿಸಿಕೊಂಡೆವು. ಗೋಡೆ ಕೊರೆಯದೆ ಬಾಲ್ಕನಿಯ ಕಂಬಿಗೆ ಕ್ಲಾಂಪ್ ಹಾಕಿ ಬಿಗಿದೆವು. ಕಿಟಕಿಯ ಸಂದಿನಲ್ಲಿ ತೂರುವ ಚಪ್ಪಟೆ ಕೇಬಲ್ ತುಂಡು ಸಿಗುತ್ತದೆ, ಅದರ ಮೇಲೆ ಕಿಟಕಿ ಪೂರ್ತಿ ಮುಚ್ಚಬಹುದು. ಇಲ್ಲಿನ ಸಾರ್ವಜನಿಕ ಪ್ರಸಾರದ ಚಾನೆಲ್‌ಗಳೆಲ್ಲ ಆಸ್ಟ್ರಾ ಉಪಗ್ರಹದಿಂದ ಬೀಗವಿಲ್ಲದೆ, ಚಂದಾ ಬೇಡದೆ ಬರುತ್ತವೆ. ಪೂರಾ ಪುಕ್ಕಟೆ ಅಂತ ಅಲ್ಲ, ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಲೇಬೇಕು, ಟಿವಿ ಇರಲಿ ಬಿಡಲಿ. ಊರಲ್ಲಿರುವ ನಮ್ಮ ಡಿಡಿ ಫ್ರೀ ಡಿಶ್‌ಗೆ ಅದೂ ಇಲ್ಲ, ಅಲ್ವಾ? ಪ್ರಸಾರ ಭಾರತಿ 2004ರಲ್ಲಿ ಶುರು ಮಾಡಿದ್ದು, ಇಂದಿಗೂ ಒಮ್ಮೆ ಡಿಶ್, ಬಾಕ್ಸ್ ತಗೊಂಡರೆ ಮುಗಿಯಿತು. ನೀವು ಸಂಜೆ ಚಂದನದಲ್ಲಿ ವಾರ್ತೆ ನೋಡಲು ತಿಂಗಳು ತಿಂಗಳು ಯಾರಿಗೂ ಕಟ್ಟಬೇಕಾಗಿಲ್ಲ. ಇದನ್ನು ಬಿಟ್ಟುಕೊಡಬಾರದು.

ಈಗ ಮರದ ಮಾತಿಗೆ ಬರುತ್ತೇನೆ. ನಮ್ಮ ಡಿಶ್ ನೋಡಿದರೆ ಎದುರು ಮನೆಯ ಗೋಡೆಗೇ ಮುಖ ಮಾಡಿ ನಿಂತ ಹಾಗೆ ಕಾಣುತ್ತದೆ. ಆದರೂ ಚಿತ್ರ ಗಾಜಿನಷ್ಟು ಸ್ವಚ್ಛ ಬರುತ್ತದೆ. ಕಾರಣ ಇಷ್ಟೇ: ಮನೆಗಳಿಗೆ ಹಾಕುವ ಈ ಡಿಶ್‌ಗಳು ಮುಖ ಮಾಡಿದ ಕಡೆ ನೋಡುವುದಿಲ್ಲ, ಅದಕ್ಕಿಂತ ಸುಮಾರು 20–25 ಡಿಗ್ರಿ ಮೇಲೆ ನೋಡುತ್ತವೆ. ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಯನ್ನು, ಅಂದರೆ ಎಲ್‌ಎನ್‌ಬಿಯನ್ನು, ನಡುವೆ ಇಡದೆ ಕೆಳಗಿನ ಕೋಲಿನ ತುದಿಗೆ ಕೂರಿಸಿರುತ್ತಾರಲ್ಲ, ಅದಕ್ಕೇ. ಮೇಲಿನಿಂದ ಬಂದ ಸಿಗ್ನಲ್ ತಟ್ಟೆಗೆ ಬಡಿದು, ಗೋಡೆಗೆ ಓರೆಯಾಗಿ ಒಗೆದ ಚೆಂಡಿನ ಹಾಗೆ, ಕೆಳಗೆ ಎಲ್‌ಎನ್‌ಬಿ ಕಡೆ ಪುಟಿಯುತ್ತದೆ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರಲ್ಲಿ ಹಾರಿಸಿದ್ದು. ಅದನ್ನು ನೋಡಿಕೊಳ್ಳುವವರು ನಮ್ಮ ಹಾಸನದ ಇಸ್ರೋ ಕೇಂದ್ರದವರು, ಇದನ್ನು ನೆನೆದರೆ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಅಂದರೆ ಸುಮಾತ್ರಾಕ್ಕೆ ಪಶ್ಚಿಮದ ಸಮುದ್ರದ ನೆತ್ತಿಗೆ ನಿಂತಿದೆ. ಧಾರವಾಡದಿಂದ ಲೆಕ್ಕ ಹಾಕಿದೆ. ಆಗ್ನೇಯ ದಿಕ್ಕಿನಿಂದ ಒಂಚೂರು ಪೂರ್ವಕ್ಕೆ, ಎತ್ತರ ಸುಮಾರು 62 ಡಿಗ್ರಿ. ಕತ್ತು ಎತ್ತಿಯೇ ನೋಡಬೇಕು ಅಷ್ಟು ಮೇಲೆ. ಇಲ್ಲಿ ನಮ್ಮದು 33 ಡಿಗ್ರಿ ಅಷ್ಟೇ.

ಈಗ ನೋಡಿ, ಮರ ಡಿಶ್‌ನಿಂದ 10 ಅಡಿ ದೂರ ಇದ್ದರೆ, ಡಿಶ್‌ಗಿಂತ 19 ಅಡಿ ಮೇಲೆ ಬೆಳೆದಿದ್ದರೆ ಮಾತ್ರ ಅಡ್ಡ ಆಗುತ್ತದೆ. ನಮ್ಮ ಮರ ಕಡಿಮೆ ಅಂದರೂ 15 ಅಡಿ ದೂರ ಇದೆ. ಅದು 28 ಅಡಿ ಮೇಲೆ ಹೋಗಬೇಕು. ನಮ್ಮದು ಮಾಳಿಗೆ ದಾಟಿ ಒಂದಾಳು ಎತ್ತರ ಇದ್ದರೆ ಹೆಚ್ಚು. ಬಂದವನು ತಟ್ಟೆಯ ಮುಖ ಮರದ ಕಡೆ ಇದೆ ಅಂತ ನೋಡಿ ಹೇಳಿರಬೇಕು.

ನನ್ನ ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ನೀವೇ ಕಣ್ಣಾರೆ ನೋಡಬಹುದು. ಈ ತಿಂಗಳ ಕೊನೆಗೆ, 29–30ರ ಸುಮಾರಿಗೆ, ಬೆಳಿಗ್ಗೆ 11ಕ್ಕೆ ಸ್ವಲ್ಪ ಮುಂಚೆ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಿಗೆ ಮಾಳಿಗೆ ಮೇಲೆ ನಿಂತು ಡಿಶ್ ನೋಡಿ. ತಟ್ಟೆಯ ಮೇಲೆ ಪೂರ್ತಿ ಬಿಸಿಲು ಬಿದ್ದಿದ್ದರೆ ದಾರಿ ಖುಲ್ಲಾ ಇದೆ. ಎಲೆಗಳ ನೆರಳು ಬಿದ್ದರೆ ಆ ಒಂದು ಟೊಂಗೆ ಸವರಿಸಿದರೆ ಸಾಕು, ಮರಕ್ಕೆ ಕೊಡಲಿ ಬೇಡ. ಮೋಡ ಇದ್ದರೆ ಮರುದಿನ ನೋಡಿ, ಎರಡು ದಿನ ಆಚೀಚೆ ಆದರೂ ನಡೆಯುತ್ತದೆ.

ಹಾಗಾದರೆ ಸಿಗ್ನಲ್ ಯಾಕೆ ಹೋಯಿತು? ಜೋರು ಮಳೆಯಲ್ಲಿ ಹೋಗುವುದು ಸಹಜ, ನೀರಿನ ಹನಿಗಳು ಈ ಸಿಗ್ನಲ್ ಹೀರಿಕೊಳ್ಳುತ್ತವೆ. ಮಳೆ ನಿಂತ ಮೇಲೂ ಬರುತ್ತಿಲ್ಲ ಅಂದಿರಲ್ಲ, ಅದು ಬೇರೆ. ಒಂದೋ ಎಲ್‌ಎನ್‌ಬಿಗೆ ಕೇಬಲ್ ಕೂರುವ ಕನೆಕ್ಟರ್ ಒಳಗೆ ನೀರು ಹೋಗಿದೆ, ಇಲ್ಲವೇ ಡಿಶ್ ಜರುಗಿದೆ. ನಮ್ಮ ಓಣಿಯ ಮಂಗಗಳು ಅದರ ಮೇಲೆ ಕೂರುತ್ತವೆ ಅಂತ ಅವ್ವ ಹೋದ ತಿಂಗಳೇ ಹೇಳಿದ್ದಳು. ಎರಡು ಡಿಗ್ರಿ ಅಲುಗಿದರೂ ಸಾಕು, ಚಿತ್ರ ಹೋಗುತ್ತದೆ.

ನೀವು ಏಣಿ ಹತ್ತಬೇಡಿ, ತಮ್ಮನೇ ಮಾಡಲಿ. ಮೊದಲು ಬಾಕ್ಸ್‌ನ ಪ್ಲಗ್ ತೆಗೆಯಬೇಕು. ಆಮೇಲೆ ಕನೆಕ್ಟರ್ ಬಿಚ್ಚಿ ನೋಡಲಿ. ನಡುವಿನ ತಾಮ್ರದ ತಂತಿ ಹಸಿರುಗಟ್ಟಿದ್ದರೆ ಅಷ್ಟು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ಮೇಲೆ ಬಿಗಿಯಾಗಿ ಟೇಪ್ ಸುತ್ತಲಿ. ಎಲ್‌ಎನ್‌ಬಿ ಓರೆಯಾಗಿದ್ದರೆ ಹಾಗೇ ಇರಲಿ, ನೆಟ್ಟಗೆ ಮಾಡುವುದು ಬೇಡ. ಡಿಶ್ ತಿರುಗಿಸುವ ಮುಂಚೆ ಈಗಿನ ಜಾಗಕ್ಕೆ ಪೆನ್ನಿನಿಂದ ಗೆರೆ ಎಳೆಯಲಿ. ಪ್ಲಗ್ ಹಾಕಿ, ಟಿವಿ ಮುಂದೆ ಮೊಬೈಲ್ ಇಟ್ಟು ವಿಡಿಯೋ ಕಾಲ್ ಮಾಡಿದರೆ ಅವನು ಮೇಲಿನಿಂದಲೇ ನೋಡಬಹುದು.

ಒಂದು ಮಾತು ಮಾತ್ರ ಅವನಿಗೆ ಒತ್ತಿ ಹೇಳಿ. ಬಾಕ್ಸ್ ಎರಡು ಪಟ್ಟಿ ತೋರಿಸುತ್ತದೆ, ‘ಸ್ಟ್ರೆಂತ್’ ಮತ್ತು ‘ಕ್ವಾಲಿಟಿ’. ಸ್ಟ್ರೆಂತ್ ನಂಬಬಾರದು, ಡಿಶ್ ಎಲ್ಲಿ ತಿರುಗಿದ್ದರೂ ಅದು ಸುಮ್ನೆ ಏರಿರುತ್ತದೆ. ಕ್ವಾಲಿಟಿ ಏರಿದರೇ ಉಪಗ್ರಹ ಸಿಕ್ಕಿದ ಹಾಗೆ. ಕೂದಲೆಳೆಯಷ್ಟು ಜರುಗಿಸಿ ಸ್ವಲ್ಪ ಹೊತ್ತು ಕಾಯಬೇಕು, ಬಾಕ್ಸ್ ತಡವಾಗಿ ತೋರಿಸುತ್ತದೆ. ಮೆನುವಿನಲ್ಲಿ ಎಲ್‌ಎನ್‌ಬಿ 9750/10600 ಅಂತ ಇರಬೇಕು.

ಆಮೇಲೆ ಚಾನೆಲ್ ಸ್ಕ್ಯಾನ್ ಮಾಡಲಿ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಹಿಡಿಯುತ್ತವೆ, ಹಾಗಾಗಿ ಆಗಾಗ ಕೆಲವು ಹೋಗಿ ಕೆಲವು ಬರುತ್ತವೆ. ನಮ್ಮ ಬಾಕ್ಸ್ ಹಳೆಯದು, ಎಂಪೆಗ್-2 ಅನ್ನುವ ಹಳೆ ಬಗೆಯ ಸಿಗ್ನಲ್ ಮಾತ್ರ ಓದುತ್ತದೆ. ಎಂಪೆಗ್-4 ಬಾಕ್ಸ್ ಹಾಕಿದರೆ ಇನ್ನೂ ಜಾಸ್ತಿ ಚಾನೆಲ್ ಸಿಗುತ್ತವೆ. ಹುಬ್ಬಳ್ಳಿಗೆ ಹೋದಾಗ ಕೊಪ್ಪೀಕರ ರೋಡಿನಲ್ಲಿ ಕೇಳಲಿ, ದುಡ್ಡು ನಾನು ಕಳಿಸುತ್ತೇನೆ. ಅವ್ವನ ಧಾರಾವಾಹಿಗಳೆಲ್ಲ ಫ್ರೀ ಡಿಶ್‌ನಲ್ಲಿ ಸಿಗುವುದಿಲ್ಲ, ಅದು ನಿಜ. ಅವಳಿಗೆ ಮೊಬೈಲಿನಲ್ಲಿ ಹಾಕಿಕೊಡಲು ತಮ್ಮನಿಗೆ ಹೇಳಿದ್ದೇನೆ.

ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ, ಆಗ ತಮ್ಮ ಮನೆಯಲ್ಲಿರಲಿ. ಅಷ್ಟರೊಳಗೆ ಮರ ಕಡಿಯುವವನಿಗೆ ಬೇಡ ಅಂತ ಹೇಳಿಬಿಡಿ.

ಅವ್ವನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ಮಗಳು