‘ನೀರು ಚೆನ್ನಾಗಿ ಕುಡಿಸಿ’ ಎಂದರೆ ಎಷ್ಟು?

ಗೆ,
ವೈದ್ಯಕೀಯ ಅಧೀಕ್ಷಕರು

ವಿಷಯ: ಟಾನ್ಸಿಲ್ ಆಪರೇಷನ್ ಆದ ಮಕ್ಕಳನ್ನು ಮನೆಗೆ ಕಳಿಸುವಾಗ ಕೊಡುವ ಅರೆಬರೆ ಸೂಚನೆಗಳ ಬಗ್ಗೆ ದೂರು

ಮಾನ್ಯರೇ,

ಕಳೆದ ತಿಂಗಳು ನನ್ನ ಐದು ವರ್ಷದ ಮಗಳಿಗೆ ನಿಮ್ಮಲ್ಲಿ ಟಾನ್ಸಿಲ್ ಆಪರೇಷನ್ ಆಯಿತು. ಆಪರೇಷನ್ ಬಗ್ಗೆ ನನ್ನ ತಕರಾರಿಲ್ಲ, ವಾರ್ಡಿನ ನರ್ಸ್‌ಗಳೂ ಮಗುವನ್ನು ಅಕ್ಕರೆಯಿಂದಲೇ ನೋಡಿಕೊಂಡರು. ನನ್ನ ದೂರು ಡಿಸ್ಚಾರ್ಜ್ ಹೊತ್ತಿಗೆ ಕೈಗಿತ್ತ ಹಾಳೆಯ ಮೇಲೆ, ಅದರ ತುದಿಯಲ್ಲಿದ್ದ ಫೋನ್ ನಂಬರಿನ ಮೇಲೆ.

ಹಾಳೆಯಲ್ಲಿ ಇದ್ದದ್ದು ಮೂರೇ ಸಾಲು. ನೀರು ಚೆನ್ನಾಗಿ ಕುಡಿಸಿ, ಮೆತ್ತಗಿನ ಆಹಾರ ಕೊಡಿ, ನೋವಿದ್ದರೆ ಮಾತ್ರ ಪ್ಯಾರಾಸಿಟಮಾಲ್ ಸಿರಪ್.

ಮೊದಲೆರಡು ದಿನ ಮಗು ಗೆಲುವಾಗಿದ್ದಳು. ನೋವಿಲ್ಲವಲ್ಲ ಎಂದು ಸಿರಪ್ ನಿಲ್ಲಿಸಿದೆ. ಹಾಳೆ ಹೇಳಿದ್ದೂ ಅದನ್ನೇ. ಮೂರನೇ ದಿನ ರಾತ್ರಿ ಎಲ್ಲ ತಿರುವುಮುರುವಾಯಿತು. ಲೋಟ ಕಂಡರೆ ತುಟಿ ಬಿಗಿದು ಮುಖ ಆಚೆ ಮಾಡುತ್ತಿದ್ದಳು. ಎಂಜಲನ್ನೂ ನುಂಗಲಾರದೆ ದಿಂಬಿನ ಮೇಲೆ ಹರಿಯಬಿಟ್ಟಿದ್ದಳು. ಬೆಳಗ್ಗೆ ನೋಡಿದರೆ ದಿಂಬಿನ ಒಂದು ಮಗ್ಗುಲು ಪೂರ್ತಿ ಒದ್ದೆ. ಕಿವಿ ಹಿಡಿದುಕೊಂಡು ಅಳುವಳು. ಕಿವಿಗೇನಾಯಿತೋ ಎಂದು ಟಾರ್ಚ್ ಹಿಡಿದು ನೋಡಿದ್ದೇ ನೋಡಿದ್ದು. ಗಂಟಲಿಗೆ ಹೋಗುವ ನರದ ಕವಲೇ ಕಿವಿಗೂ ಹೋಗುವುದರಿಂದ ಗಂಟಲ ನೋವು ಅಲ್ಲಿ ಕಾಣಿಸಿಕೊಳ್ಳುತ್ತದಂತೆ. ಗಂಟಲೊಳಗಿನ ಬಿಳಿ ಪೊರೆಯನ್ನು ಕೀವು ಎಂದುಕೊಂಡೆ, ಅದು ಗಾಯ ಮಾಯುವಾಗ ಕಟ್ಟುವ ಹಕ್ಕಳೆಯಂತೆ. ಇಷ್ಟನ್ನು ನಿಮ್ಮವರು ಯಾರಾದರೂ ಎರಡು ನಿಮಿಷದಲ್ಲಿ ಹೇಳಬಹುದಿತ್ತು.

ನಾಲ್ಕನೇ ದಿನ ನಿಮ್ಮ ನಂಬರಿಗೆ ಮೂರು ಸಲ ಫೋನ್ ಮಾಡಿದಾಗ ರಿಂಗ್ ಆಗಿ ಆಗಿ ಕಟ್ ಆಯಿತು. ನಾಲ್ಕನೇ ಸಲ ಎತ್ತಿಕೊಂಡವರು, ‘ಇದೆಲ್ಲ ಕಾಮನ್ ಮೇಡಂ, ನೀರು ಕುಡಿಸ್ತಾ ಇರಿ’ ಎಂದು ಇಟ್ಟುಬಿಟ್ಟರು. ಮಗು ಕೊನೇ ಸಲ ಒಂದಕ್ಕೆ ಹೋದದ್ದು ಯಾವಾಗ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ಹತ್ತು ಗಂಟೆ ಆಯಿತು ಎನ್ನುತ್ತಿದ್ದೆ. ಸಂಜೆಯ ಹೊತ್ತಿಗೆ ಅತ್ತರೂ ಕಣ್ಣಲ್ಲಿ ನೀರಿಲ್ಲ, ತುಟಿ ಒಡೆದಿತ್ತು, ಕೊನೆಗೂ ಬಂದ ಒಂದಿಷ್ಟು ಮೂತ್ರ ಗಾಢ ಹಳದಿ. ಹತ್ತಿರದ ಬೇರೆ ಆಸ್ಪತ್ರೆಗೆ ಓಡಿದೆವು. ರಾತ್ರಿಯೆಲ್ಲ ಡ್ರಿಪ್.

ಅಲ್ಲಿನ ವೈದ್ಯರು ಬಿಡಿಸಿ ಹೇಳಿದರು: ಈ ನೋವು ಒಮ್ಮೆ ತಗ್ಗಿದಂತೆ ಕಂಡು ಮೂರನೇ ದಿನದ ನಂತರ ಮತ್ತೆ ಏರುವುದು ಮಾಮೂಲು. ನುಂಗದೆ ಬಿಟ್ಟರೆ ಗಂಟಲು ಒಣಗುತ್ತದೆ, ಒಣಗಿದಷ್ಟೂ ನೋವು ಜಾಸ್ತಿ, ನೋವು ಜಾಸ್ತಿಯಾದಷ್ಟೂ ಮಗು ಕುಡಿಯುವುದಿಲ್ಲ. ಅದಕ್ಕೇ ಮೊದಲ ದಿನಗಳಲ್ಲಿ ನೋವಿನ ಔಷಧಿಯನ್ನು ಮಗುವಿನ ತೂಕಕ್ಕೆ ತಕ್ಕಂತೆ, ಹೊತ್ತುಹೊತ್ತಿಗೆ, ಅತ್ತ ಮೇಲಲ್ಲ, ಅಳುವ ಮೊದಲೇ ಕೊಡಬೇಕು. ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ನೀರು ಕುಡಿಸಬೇಕು. 18 ಕಿಲೋ ತೂಗುವ ನನ್ನ ಮಗಳಿಗೆ ದಿನಕ್ಕೆ ಎಲ್ಲ ಬಗೆಯ ದ್ರವವೂ ಸೇರಿ ಸುಮಾರು 1400 ಮಿಲಿ ಬೇಕು. ಇದನ್ನು ಕೇಳಿ ದಂಗಾದೆ, ಹಿಂದಿನ ದಿನ ಅವಳು ಕುಡಿದದ್ದು ಒಂದು ಲೋಟವೂ ಇರಲಿಲ್ಲ. ಮನೆಗೆ ಬಂದ ಮೇಲೆ ಸೂಜಿಯಿಲ್ಲದ 5 ಮಿಲಿ ಸಿರಿಂಜಿನಲ್ಲಿ ಐದೈದು ನಿಮಿಷಕ್ಕೊಮ್ಮೆ ಕೆನ್ನೆಯೊಳಗೆ ಬಿಡುತ್ತಾ ಕೂತೆ. ಪ್ರತಿ ಸಿರಿಂಜಿಗೂ ಕಾಗದದ ಮೇಲೆ ಒಂದು ಗೀಟು ಎಳೆಯುವ ಕೆಲಸ ಅವಳದ್ದೇ.

ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯನ್ನು ಆಮೇಲೆ ಓದಿದೆ. ನೋವನ್ನು ಮುಂಚಿತವಾಗಿ ಊಹಿಸಿ ನಿಭಾಯಿಸುವ ಬಗ್ಗೆ ಪೋಷಕರಿಗೆ ತಿಳಿಹೇಳಬೇಕು, ಆಪರೇಷನ್ ಹೊತ್ತಿನಲ್ಲಿ ಮತ್ತೆ ನೆನಪಿಸಬೇಕು ಎಂದು ಅದರಲ್ಲಿದೆ. ನನಗೆ ಸಿಕ್ಕಿದ್ದು ‘ನೋವಿದ್ದರೆ ಮಾತ್ರ’.

ಬಿಲ್ ವಾಪಸ್ ಕೇಳುತ್ತಿಲ್ಲ. ಆ ಹಾಳೆಯನ್ನು ಬದಲಿಸಿ. ಮಗುವಿನ ತೂಕಕ್ಕೆ ಎಷ್ಟು ಮಿಲಿ ಎಂದು ಕೈಯಲ್ಲೇ ಬರೆದುಕೊಟ್ಟರೂ ಸಾಕು. ಎಂಟು ಗಂಟೆ ಮೂತ್ರ ಬರದಿದ್ದರೆ ಕರೆತನ್ನಿ ಎಂದು ಬರೆಯಿರಿ. ಐದರಿಂದ ಹತ್ತನೇ ದಿನದ ನಡುವೆ ಹಕ್ಕಳೆ ಉದುರುವಾಗ ರಕ್ತ ಬರಬಹುದು, ಹಸಿ ರಕ್ತ ಕಂಡರೆ ಫೋನಿಗೂ ಕಾಯದೆ ತುರ್ತು ವಿಭಾಗಕ್ಕೆ ಬನ್ನಿ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ನಮ್ಮ ಹಾಳೆಯಲ್ಲಿ ರಕ್ತದ ಸುದ್ದಿಯೇ ಇರಲಿಲ್ಲ. ಫೋನ್ ಎತ್ತುವವರಿಗೆ ಏನು ಕೇಳಬೇಕೆಂದು ಕಲಿಸಿ.

ಹದಿನೈದು ದಿನದೊಳಗೆ ಲಿಖಿತ ಉತ್ತರವನ್ನೂ ಹೊಸ ಹಾಳೆಯ ಒಂದು ಪ್ರತಿಯನ್ನೂ ಕಳಿಸಬೇಕೆಂದು ಕೋರುತ್ತೇನೆ.

ಇಂತಿ,
ಮಗುವಿನ ತಾಯಿ

ಲಗತ್ತು: ನೀವು ಕೊಟ್ಟ ಡಿಸ್ಚಾರ್ಜ್ ಹಾಳೆಯ ನಕಲು, ಡ್ರಿಪ್ ಹಾಕಿದ ಆಸ್ಪತ್ರೆಯ ವರದಿ, ಮಗಳು ಗೀಟೆಳೆದ ಕಾಗದದ ನಕಲು