ವೇಷದ ಹಿಂದಿನ ಕೆಲಸವನ್ನೂ ನೋಡಿ

ಮಾನ್ಯರೇ,

ಕಾಮಿಕ್ಸ್, ಸಿನಿಮಾ ಅಭಿಮಾನಿಗಳ ಸಮಾವೇಶವಾದ ಬೆಂಗಳೂರಿನ ಕಾಮಿಕ್ ಕಾನ್‌ಗೆ ನೆಚ್ಚಿನ ಪಾತ್ರದ ವೇಷ ತೊಟ್ಟು (ಕಾಸ್‌ಪ್ಲೇ) ಬರುವವರನ್ನು ಕಂಡು ‘ಕೆಲಸವಿಲ್ಲದವರು’ ಎಂದು ಮೂಗು ಮುರಿಯುವುದು ಸರಿಯಲ್ಲ. ಅವರು ತೊಡುವ ಕವಚಗಳು ಬಹುಪಾಲು 5ರಿಂದ 10 ಮಿ.ಮೀ. ದಪ್ಪದ, ಇವಿಎ ಫೋಮ್ ಎಂಬ ಹಗುರವಾದ ಮೆತ್ತನೆಯ ಹಾಳೆಯವು. ಕಾಗದದಲ್ಲಿ ಅಳತೆ ತೆಗೆದು, ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು ಬಗ್ಗಿಸಬೇಕು. ಬಿಸಿ ತಾಗಿದ ಮೇಲ್ಮೈ ತುಸು ಹೊಳೆದರೆ ರಂಧ್ರಗಳು ಮುಚ್ಚಿದವೆಂದು ಅರ್ಥ. ಅಂಟಿಸುವುದು ಆಮೇಲೆ, ಮೊದಲೇ ಅಂಟಿಸಿದರೆ ಶಾಖಕ್ಕೆ ಬೆಸುಗೆ ಬಿಚ್ಚಿಕೊಳ್ಳುತ್ತದೆ.

ಹೊಸಬರು ಸೋಲುವುದು ಅಂಟಿನಲ್ಲೇ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಅಂಚಿಗೆ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ, ಸುಮಾರು 10 ನಿಮಿಷ, ಕಾದು ಒತ್ತಬೇಕು. ಹಸಿಯಾಗಿಯೇ ಜೋಡಿಸಿದರೆ ದ್ರಾವಕ ಒಳಗೇ ಉಳಿದು, ಬಿಸಿಲಿನ ಸರದಿಯಲ್ಲಿ ಭುಜದ ತುಂಡು ಕಳಚುತ್ತದೆ. ಇದರ ಆವಿ ಅಪಾಯಕಾರಿ; ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮಕ್ಕಳು ಕೋಣೆ ಮುಚ್ಚಿಕೊಂಡು ಈ ಕೆಲಸ ಮಾಡದಂತೆ ಪೋಷಕರು ದಯವಿಟ್ಟು ನೋಡಿಕೊಳ್ಳಲಿ. ಬಣ್ಣಕ್ಕೆ ಮುನ್ನ ಬಾಗುವ ಪ್ರೈಮರ್ ಬಳಿಯದಿದ್ದರೆ ಮೊಣಕೈ ಮಡಚಿದಲ್ಲೆಲ್ಲ ಬಿರುಕು ಖಚಿತ.

ಇಂಥ ಸಮಾವೇಶಗಳ ಆಯೋಜಕರು ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು ಹಾಗೂ ಅಂಟು, ಸೇಫ್ಟಿ ಪಿನ್, ಟೇಪ್ ಇರುವ ದುರಸ್ತಿ ಮೇಜನ್ನು ಪ್ರವೇಶದ್ವಾರದ ಬಳಿಯೇ ಒದಗಿಸಲಿ.

– ಕಾಸ್‌ಪ್ಲೇ ಆಸಕ್ತರು, ಬೆಂಗಳೂರು