ಗ್ಯಾಸ್ ತುಂಬುವ ಮೊದಲು ಸೋರಿಕೆ ಹುಡುಕಲಿ

ಮಾನ್ಯರೇ,

ಬೇಸಿಗೆ ಬಂದರೆ ನಮ್ಮ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆಗ ಕಾರಿನ ಎಸಿ ಕೈಕೊಟ್ಟಿತು ಎಂದು ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತುವ ಮೊದಲೇ ಉತ್ತರ ಸಿದ್ಧ: 'ಗ್ಯಾಸ್ ಖಾಲಿ ಆಗ್ಯಾದ್ರಿ, ತುಂಬಿಸಿ ಕೊಡ್ತೀವಿ.' ದುಡ್ಡು ಕೊಟ್ಟು ತುಂಬಿಸುತ್ತೇವೆ. ಎರಡು ತಿಂಗಳಿಗೆ ಮತ್ತೆ ಬಿಸಿ ಗಾಳಿ. ನನ್ನಂತೆ ಹಳೆಯ ಕಾರಿನಲ್ಲಿ ಬಾಡಿಗೆ ದುಡಿಯುವವರಿಗೆ ಇದು ದೊಡ್ಡ ಹೊರೆ.

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ವರ್ಷಗಳು ಕಳೆದಂತೆ ಚೂರು ಕಡಿಮೆಯಾಗಬಹುದು. ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತು ಎಂದರೆ ಎಲ್ಲೋ ಸೋರುತ್ತಿದೆ. ನನ್ನ ಕಾರಿನಲ್ಲಿ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಹತ್ತಿರದ ಜಾಯಿಂಟ್ ಜಿಡ್ಡಾಗಿ, ಧೂಳು ಮೆತ್ತಿಕೊಂಡು ಕಪ್ಪಾಗಿತ್ತು. ಗ್ಯಾಸ್ ಜೊತೆ ಆಯಿಲ್ ಕೂಡ ಓಡಾಡುತ್ತದೆ, ಸೋರುವ ಕಡೆ ಅದೇ ಗುರುತು ಬಿಡುತ್ತದೆ. ಒಬ್ಬ ಹಿರಿಯ ಮೇಸ್ತ್ರಿ ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೀರು ಹಚ್ಚಿ ತೋರಿಸಿದರು. ಅಲ್ಲೇ ಗುಳ್ಳೆ ಎದ್ದವು. ಬದಲಾಯಿಸಿದ್ದು ಒಂದು ರಬ್ಬರ್ ಓ-ರಿಂಗ್. ಅದರ ಬೆಲೆ ನೂರು ರೂಪಾಯಿಯೂ ಇಲ್ಲ! ಆಮೇಲೆ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು (ಪೈಪಿನೊಳಗಿನ ಗಾಳಿ, ತೇವ ಹೊರಗೆ ತೆಗೆದು), ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಗಿ ತುಂಬಿದರು. ಕೆಲಸ ಎಂದರೆ ಇದು. ಸೋರಿಕೆ ಬಿಟ್ಟು ಬರೀ ಗ್ಯಾಸ್ ತುಂಬುತ್ತಾ ಹೋದರೆ ಆಯಿಲ್ ಕಡಿಮೆಯಾಗಿ ಕಂಪ್ರೆಸರ್ ಜಾಮ್ ಆಗುತ್ತದೆ. ಆಗ ಖರ್ಚು ಸಾವಿರಗಳಲ್ಲಿ.

ಎಲ್ಲ ತೊಂದರೆಗೂ ಗ್ಯಾಸೇ ಕಾರಣವಲ್ಲ. ಗಾಡಿ ಓಡುವಾಗ ತಂಪಾಗಿದ್ದು, ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾದರೆ ಮೊದಲು ಕಂಡೆನ್ಸರಿನ (ಗ್ಯಾಸಿನ ಬಿಸಿ ಹೊರಗೆ ಬಿಡುವ, ಕಾರಿನ ಮುಂಭಾಗದ ಜಾಲರಿಯಂಥ ಭಾಗ) ಫ್ಯಾನ್ ನೋಡಿಸಬೇಕು. ಗಾಳಿಯೇ ಜೋರಾಗಿ ಬರದಿದ್ದರೆ ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು. ಬಹಳ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡ್ ಡಬ್ಬಿಯ ಹಿಂದೆಯೇ ಇರುತ್ತದೆ, ನಾವೇ ತೆಗೆದು ಹಾಕಬಹುದು. ನಮ್ಮ ಭಾಗದ ಧೂಳಿಗೆ ಕಂಡೆನ್ಸರನ್ನು ಆಗಾಗ ನೀರಿನಿಂದ ತೊಳೆಯಲೇಬೇಕು. ನೀರು ರಭಸವಾಗಿ ಬಿಡಬಾರದು, ಅದರ ತೆಳು ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎನ್ನುವುದೂ ಮುಖ್ಯ ಅಲ್ವಾ? ಈಗ ಓಡಾಡುವ ಹೆಚ್ಚಿನ ಕಾರುಗಳಲ್ಲಿರುವುದು ಆರ್-134ಎ ಎಂಬ ಗ್ಯಾಸ್. ಓಝೋನ್ ಪದರಕ್ಕೆ ಇದರಿಂದ ಹಾನಿ ಇಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಇಂಥ ಗ್ಯಾಸುಗಳನ್ನು ಹಂತ ಹಂತವಾಗಿ ಕಡಿಮೆ ಮಾಡುವ ಕಿಗಾಲಿ ಒಪ್ಪಂದವನ್ನು ನಮ್ಮ ದೇಶ 2021ರಲ್ಲಿ ಒಪ್ಪಿಕೊಂಡಿದೆ.

ನಮ್ಮ ಕಡೆಯಿಂದ ರೋಗಿಗಳನ್ನು ಸೊಲ್ಲಾಪುರ, ಹೈದರಾಬಾದಿನ ಆಸ್ಪತ್ರೆಗಳಿಗೆ ಕರೆದೊಯ್ಯುತ್ತೇವೆ. ಮೇ ತಿಂಗಳ ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ವಯಸ್ಸಾದವರು ಮಲಗಿದ್ದಾಗ ಎಸಿ ಶೋಕಿಯ ವಸ್ತುವಲ್ಲ. ಹಾಗಾಗಿ ನನ್ನ ಕೋರಿಕೆ ಇಷ್ಟು. ಸೋರಿಕೆ ಪರೀಕ್ಷೆ ಮಾಡಿದ್ದನ್ನು ಮತ್ತು ಎಷ್ಟು ಗ್ರಾಂ ಗ್ಯಾಸ್ ತುಂಬಿದರು ಎನ್ನುವುದನ್ನು ಗ್ಯಾರೇಜಿನವರು ಬಿಲ್ಲಿನಲ್ಲಿ ಬರೆಯಲಿ. ಸರ್ಕಾರಿ ಐಟಿಐಗಳಲ್ಲಿ ಗ್ಯಾರೇಜ್ ಹುಡುಗರಿಗೆ ಸಂಜೆ ಹೊತ್ತು ಕಾರಿನ ಎಸಿ ಕೆಲಸ ಕಲಿಸಲಿ. ಮುಂದಿನ ಬೇಸಿಗೆಗೆ ಮುಂಚೆಯೇ ಇದು ಶುರುವಾಗಲಿ.

ಒಬ್ಬ ಬಾಡಿಗೆ ಕಾರು ಚಾಲಕ, ಕಲಬುರಗಿ